ನಿಂತಲ್ಲೇ ಘಾಟಿ ಇಳಿದ ಗಾಡಿ

ಹಳೇ ಗಾಡಿ ಸಾಕಿದವರಿಗೆ ಈ ಶಬ್ದ ಗೊತ್ತಿರುತ್ತೆ. ಗಾಡಿ ನಿಂತಿದೆ, ಗೇರ್ ನ್ಯೂಟ್ರಲ್‌ನಲ್ಲಿದೆ, ಆಕ್ಸಿಲರೇಟರ್ ಮೇಲೆ ಯಾರ ಕಾಲೂ ಇಲ್ಲ. ಆದ್ರೂ ಇಂಜಿನ್ ತಾನಾಗೇ ವೂಂ ಅಂತ ಏರುತ್ತೆ. ಏರಿದ್ದು ಇನ್ನೇನು ಆಫ್ ಆಗೇಬಿಡ್ತು ಅನ್ನೋ ಹಾಗೆ ಗಡಗಡ ನಡುಗುತ್ತಾ ಇಳಿಯುತ್ತೆ. ಮತ್ತೆ ಏರುತ್ತೆ. ಗಡಿಯಾರ ಹಿಡಿದು ಲೆಕ್ಕ ಹಾಕಿದ್ರೆ ತಾಳ ತಪ್ಪಲ್ಲ. ನಮ್ಮ ಕಡೆ ಮೆಕ್ಯಾನಿಕ್‌ಗಳು ಇದಕ್ಕೆ 'ಐಡ್ಲಿಂಗ್ ನಿಲ್ತಿಲ್ಲ' ಅಂತಾರೆ. ಇಂಗ್ಲಿಷಿನವರು ಇದನ್ನ ಹಂಟಿಂಗ್ ಅಂದ್ರು, ಅಂದ್ರೆ ಬೇಟೆ. ಇಂಜಿನ್ ತನಗೆ ಬೇಕಾದ ವೇಗ ಹುಡುಕ್ತಾ ಹುಡುಕ್ತಾ, ಅದು ಕೈಗೆ ಸಿಗದೆ ಅಲೀತಾ ಇರುತ್ತೆ.

ಹೋದ ಜನವರಿಯಲ್ಲಿ ಈ ಶಬ್ದ ನಮ್ಮ ಬೀದಿಗೇ ಬಂತು. ನಾನಿರೋದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ನಮ್ಮ ಸಾಲಿನ ಮನೆಗಳ ಹುಲ್ಲು ಕತ್ತರಿಸೋಕೆ ಪ್ರತಿ ಗುರುವಾರ ಮೆಕ್ಸಿಕೋ ಮೂಲದ ಒಬ್ಬ ಯಜಮಾನರು ಬರ್ತಾರೆ. ಐವತ್ತೈದು ದಾಟಿದವರು. ಅವರಿಗೆ ಬರೋ ಇಂಗ್ಲಿಷ್ ಕಮ್ಮಿ, ನನಗೆ ಬರೋ ಸ್ಪ್ಯಾನಿಷ್ ಇನ್ನೂ ಕಮ್ಮಿ. ಆದ್ರೆ ನಾನೊಮ್ಮೆ ನನ್ನ ಕಾರಿನ ಬ್ರೇಕ್ ಪ್ಯಾಡ್ ನಾನೇ ಬದಲಾಯಿಸ್ತಾ ಕೂತಿದ್ದನ್ನ ನೋಡಿದ ಮೇಲೆ ಅವರಿಗೆ ನನ್ನ ಬಗ್ಗೆ ಸ್ವಲ್ಪ ಮರ್ಯಾದೆ ಬಂದಿತ್ತು. ಅವರ ಗಾಡಿ 1989ರ ಟೊಯೋಟಾ ಪಿಕಪ್. ನಾವು ಹೈಲಕ್ಸ್ ಅಂತೀವಲ್ಲ, ಅದೇ ವಂಶ. ಅಮೆರಿಕದಲ್ಲಿ ಮಾತ್ರ ಆ ಹೆಸರು ಬಿಟ್ಟು ಬರೀ ಪಿಕಪ್ ಅಂತ ಮಾರ್ತಿದ್ರು. ಒಳಗಿರೋದು 22ಆರ್‌ಇ ಅನ್ನೋ 2.4 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್. ಕಾರ್ಬುರೇಟರ್ ಇಲ್ಲ, ಫ್ಯುಯಲ್ ಇಂಜೆಕ್ಷನ್.

ಗಾಡಿ ಸುಮಾರು ಮೂರು ವಾರದಿಂದ ಹೀಗೆ ಆಡ್ತಿತ್ತಂತೆ. ಸಿಗ್ನಲ್‌ನಲ್ಲಿ ನಿಂತ್ರೆ ಪಕ್ಕದ ಕಾರಿನವರು ರೇಸಿಗೆ ಕರೀತಿದ್ದಾನೆ ಅಂತ ತಿರುಗಿ ನೋಡ್ತಾರೆ ಅಂತ ನಕ್ಕರು. ನಗು ಅಷ್ಟಕ್ಕೇ ನಿಂತಿತು. ಒಂದು ಗ್ಯಾರೇಜಿನಲ್ಲಿ ತೋರಿಸಿದ್ರಂತೆ. ಅವರು ಇಂಜಿನ್ ಕಂಪ್ಯೂಟರ್ ಹೋಗಿದೆ, ಗಾಳಿ ಅಳೆಯೋ ಮೀಟರೂ ಅನುಮಾನ, ಎರಡನ್ನೂ ಸೆಕೆಂಡ್ ಹ್ಯಾಂಡ್ ಹಾಕಿ ಕೂಲಿ ಸೇರಿಸಿ 1,150 ಡಾಲರ್ ಅಂತ ಚೀಟಿ ಬರೆದು ಕೊಟ್ಟಿದ್ರು. ಚೀಟಿ ನಾನೂ ನೋಡಿದೆ. ನಮ್ಮ ಮನೆ ಹುಲ್ಲಿಗೆ ತಿಂಗಳಿಗೆ ಅವರಿಗೆ ಸಿಗೋದು 120 ಡಾಲರ್.

ಇದರ ಮೇಲೆ ಇನ್ನೊಂದು ಗಡುವು. ಕ್ಯಾಲಿಫೋರ್ನಿಯಾದಲ್ಲಿ 1976ರಿಂದೀಚೆಗಿನ ಪೆಟ್ರೋಲ್ ಗಾಡಿಗಳಿಗೆ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಹೊಗೆ ಪರೀಕ್ಷೆ ಆಗ್ಬೇಕು. ಪಾಸಾಗದಿದ್ರೆ ರಿಜಿಸ್ಟ್ರೇಷನ್ ನವೀಕರಣ ಇಲ್ಲ. ನಮ್ಮ ಈ ಭಾಗದಲ್ಲಿ ಇಷ್ಟು ಹಳೇ ಗಾಡಿಯನ್ನ ರೋಲರ್ ಮೇಲೆ ನಿಲ್ಲಿಸಿ, ಓಡಿಸಿ, ಸೈಲೆನ್ಸರಿಗೆ ಕೊಳವೆ ಇಟ್ಟು ಅಳೀತಾರೆ. ಅವರಿಗೆ ಉಳಿದಿದ್ದು ಒಂಬತ್ತು ದಿನ. ಹುಲ್ಲು ಕತ್ತರಿಸೋ ಮಿಷನ್, ಕುಂಟೆ, ಗೊಬ್ಬರದ ಚೀಲ ಎಲ್ಲಾ ಹೋಗೋದು ಆ ಗಾಡಿಯಲ್ಲೇ. ಗಾಡಿ ನಿಂತ್ರೆ ಅವರ ಕೆಲಸವೇ ನಿಂತ ಹಾಗೆ.

ನಮ್ಮೂರಲ್ಲಿ ಒಂದು ಗಾದೆ ಇದೆ, ನಿಮ್ಮೂರಲ್ಲೂ ಇರುತ್ತೆ: ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದರಂತೆ. ಹಳೇ ಇಂಜೆಕ್ಷನ್ ಗಾಡಿಗಳ ರಿಪೇರಿಯಲ್ಲಿ ಈ ಗಾದೆ ದಿನಾ ನಡೆಯುತ್ತೆ. ಐಡ್ಲಿಂಗ್ ಸರಿ ಇಲ್ವಾ? ಸೆನ್ಸರ್ ಬದಲಾಯಿಸು. ಹೋಗ್ಲಿಲ್ವಾ? ಇನ್ನೊಂದು ಸೆನ್ಸರ್. ಅದೂ ಆಗ್ಲಿಲ್ವಾ? ಕಂಪ್ಯೂಟರ್. ಎಲ್ಲಾ ಬದಲಾದ ಮೇಲೆ ಒಂದಲ್ಲ ಒಂದು ಸಲ ಸರಿಹೋಗುತ್ತೆ. ಆದ್ರೆ ಅಷ್ಟೂ ಬರೆಗೆ ದುಡ್ಡು ಕೊಡೋದು ಗಾಡಿ ಯಜಮಾನ.

ಇಲ್ಲಿ ಸ್ವಲ್ಪ ನಿಂತು, ಈ ಇಂಜಿನ್ ಹೇಗೆ ಯೋಚನೆ ಮಾಡುತ್ತೆ ಅಂತ ಹೇಳ್ಬೇಕು. ಕಷ್ಟ ಏನಿಲ್ಲ.

ಗಾಳಿ ಒಳಗೆ ಬರೋ ದಾರಿಯಲ್ಲಿ ಒಂದು ಸ್ಪ್ರಿಂಗ್ ಬಾಗಿಲಿದೆ. ಗಾಳಿ ಜಾಸ್ತಿ ಬಂದ್ರೆ ಬಾಗಿಲು ಜಾಸ್ತಿ ತೆರೆಯುತ್ತೆ. ಎಷ್ಟು ತೆರೆದಿದೆ ಅನ್ನೋದು ವೋಲ್ಟೇಜ್ ಆಗಿ ಕಂಪ್ಯೂಟರಿಗೆ ಹೋಗುತ್ತೆ. ಕಂಪ್ಯೂಟರ್ ಅದನ್ನ ಇಂಜಿನ್ ವೇಗದ ಜೊತೆ ಸೇರಿಸಿ, ಇಂಜೆಕ್ಟರನ್ನ ಎಷ್ಟು ಮಿಲಿಸೆಕೆಂಡ್ ತೆರೀಬೇಕು ಅಂತ ಲೆಕ್ಕ ಹಾಕುತ್ತೆ. ಬಾಗಿಲು ದಾಟಿ ಬಂದ ಗಾಳಿ ಲೆಕ್ಕದ ಗಾಳಿ. ಬಾಗಿಲಿನ ಆಚೆ ಯಾವುದೋ ರಬ್ಬರ್ ಪೈಪ್ ಬಿರುಕು ಬಿಟ್ಟು ಒಳಗೆ ನುಗ್ಗಿದ್ದು ಕಳ್ಳ ಗಾಳಿ. ಕಳ್ಳ ಗಾಳಿಗೆ ಪೆಟ್ರೋಲ್ ಸಿಗಲ್ಲ, ಮಿಶ್ರಣ ತೆಳುವಾಗುತ್ತೆ, ಇಂಜಿನ್ ಮುಗ್ಗರಿಸುತ್ತೆ.

ಕಂಪ್ಯೂಟರಿಗೆ ಇನ್ನೊಂದು ನಿಯಮ ಕಲಿಸಿದ್ದಾರೆ. ಕಾಲು ಆಕ್ಸಿಲರೇಟರ್ ಮೇಲಿಲ್ಲ, ಆದ್ರೂ ಇಂಜಿನ್ ಜೋರಾಗಿ ತಿರುಗ್ತಿದೆ ಅಂದ್ರೆ ಏನರ್ಥ? ಗಾಡಿ ಇಳಿಜಾರಿನಲ್ಲಿ ಇಳೀತಿದೆ, ಚಕ್ರವೇ ಇಂಜಿನ್ನನ್ನ ತಿರುಗಿಸ್ತಿದೆ ಅಂತ. ಆಗ ಪೆಟ್ರೋಲ್ ಯಾಕೆ ದಂಡ? ಪೂರ್ತಿ ನಿಲ್ಲಿಸು. ವೇಗ ಒಂದು ಮಿತಿಗಿಂತ ಕೆಳಗೆ ಬಂದಾಗ ಮತ್ತೆ ಕೊಡು. ಚಾರ್ಮಾಡಿ ಘಾಟಿ ಇಳಿಯುವಾಗ ಇದು ಬಹಳ ಒಳ್ಳೇ ನಿಯಮ. ಪೆಟ್ರೋಲೂ ಉಳಿಯುತ್ತೆ, ಹೊಗೆಯೂ ಕಮ್ಮಿ.

ಈಗ ಯಾವುದೋ ಕಾರಣಕ್ಕೆ ನಿಂತ ಗಾಡಿಯ ಐಡ್ಲಿಂಗ್ ವಿಪರೀತ ಏರಿತು ಅಂತಿಟ್ಕೊಳ್ಳಿ. ಕಾಲು ಆಕ್ಸಿಲರೇಟರ್ ಮೇಲಿಲ್ಲ, ವೇಗ ಜಾಸ್ತಿ. ಕಂಪ್ಯೂಟರ್ ಪಾಪ, 'ಓಹೋ, ಘಾಟಿ ಇಳೀತಿದೀವಿ' ಅಂತ ಪೆಟ್ರೋಲ್ ನಿಲ್ಲಿಸುತ್ತೆ. ಇಂಜಿನ್ ಕುಸಿಯುತ್ತೆ. ಕೆಳಗಿನ ಮಿತಿ ಮುಟ್ಟಿದ ಕೂಡಲೇ ಪೆಟ್ರೋಲ್ ಬರುತ್ತೆ, ಮತ್ತೆ ಏರುತ್ತೆ, ಮತ್ತೆ ಘಾಟಿ. ನಮ್ಮನೆ ಮುಂದೆ ನಿಂತ ಗಾಡಿ ನಿಮಿಷಕ್ಕೆ ಇಪ್ಪತ್ತು ಮೂವತ್ತು ಸಲ ಘಾಟಿ ಇಳೀತಿತ್ತು.

ಈ ರೋಗವನ್ನ ನಾನು ಮೊದಲು ನೋಡಿದ್ದು ತಿಪಟೂರಿನ ಹತ್ತಿರದ ನಮ್ಮ ತೋಟದಲ್ಲಿ. ಕರೆಂಟನ್ನ ನಂಬೋ ಹಾಗಿಲ್ಲದ ಕಾಲ, ಅಪ್ಪ ಒಂದು ಡೀಸೆಲ್ ಪಂಪ್‌ಸೆಟ್ ಇಟ್ಟಿದ್ರು. ಟ್ಯಾಂಕ್ ಒಮ್ಮೆ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿಸಿದ ದಿನ ಅದೂ ಹೀಗೇ, ಏರೋದು ಇಳಿಯೋದು. ಅಪ್ಪ ಸೈಕಲ್ ಹತ್ತಿ ಇಂಜಿನ್ ಸಾಬರನ್ನ ಕರ್ಕೊಂಡು ಬರೋರು. ಸಾಬರು ಬಂದ ತಕ್ಷಣ ಸ್ಪ್ಯಾನರ್ ಚೀಲ ಬಿಚ್ತಿರಲಿಲ್ಲ. ತೆಂಗಿನ ಮರದ ಬುಡದಲ್ಲಿ ಕೂತು ಬೀಡಿ ಹಚ್ಚಿ ಶಬ್ದ ಕೇಳೋರು. ಆಮೇಲೆ ಅಪ್ಪನ್ನ ವಿಚಾರಿಸೋರು. 'ಗೌಡ್ರೇ, ನಿನ್ನೆ ಹೆಂಗಿತ್ತು? ಡೀಸೆಲ್ ಯಾವಾಗ ಹಾಕಿದ್ರಿ? ನೀರು ಬಿಟ್ಟು ಬಿಟ್ಟು ಬತ್ತದಾ?' ಕೊನೆಗೆ 'ಏರ್ ಹಿಡ್ಕೊಂಡದೆ' ಅಂತ ತೀರ್ಪು. ಡೀಸೆಲ್ ಪೈಪಿನ ಒಂದು ಸ್ಕ್ರೂ ಸಡಿಲ ಮಾಡಿ, ಗುಳ್ಳೆ ಬರೋದು ನಿಲ್ಲೋವರೆಗೂ ಡೀಸೆಲ್ ಹರಿಸಿ, ಮತ್ತೆ ಬಿಗಿ ಮಾಡೋರು. ಗವರ್ನರ್ ಒಳಗಿನ ಗುಂಡುಗಳು ಏರಿಳಿದು ಕುಣೀತಿದ್ದಿದ್ದು ನಿಜ. ಆದ್ರೆ ಸಾಬರು ಗವರ್ನರನ್ನ ಮುಟ್ತಿರಲಿಲ್ಲ. ಅದು ತನ್ನ ಕೆಲಸ ಸರಿಯಾಗೇ ಮಾಡ್ತಿತ್ತು.

ಗವರ್ನರ್‌ಗಳ ಈ ಕುಣಿತ ಹಳೇ ಸಮಸ್ಯೆ. ಜೇಮ್ಸ್ ವಾಟ್ ತನ್ನ ಉಗಿ ಇಂಜಿನ್ನಿಗೆ ತಿರುಗೋ ಗುಂಡುಗಳ ಗವರ್ನರ್ ಹಾಕಿದ್ದು 1788ರಲ್ಲಿ. ಮುಂದೆ 1868ರಲ್ಲಿ, ವಿದ್ಯುತ್ಕಾಂತ ಸಮೀಕರಣಗಳ ಅದೇ ಮ್ಯಾಕ್ಸ್‌ವೆಲ್, ಗವರ್ನರ್‌ಗಳು ಯಾವಾಗ ಸ್ಥಿರವಾಗಿ ನಿಲ್ತವೆ, ಯಾವಾಗ ತೂಗಾಡ್ತವೆ ಅಂತ ಗಣಿತ ಹಾಕಿ ಒಂದು ಪ್ರಬಂಧ ಬರೆದ. ಬಿಇಯಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಓದಿದವರೆಲ್ಲ ಅವನ ಮೊಮ್ಮಕ್ಕಳ ಲೆಕ್ಕ. ಇಂಜಿನ್ ಒಂದು ಕಡೆ, ಅದನ್ನ ಹತೋಟಿಯಲ್ಲಿಡೋದು ಇನ್ನೊಂದು ಕಡೆ, ಎರಡೂ ಒಂದಕ್ಕೊಂದು ಉತ್ತರ ಕೊಡ್ತಾ ಸುತ್ತು ಹಾಕ್ತಿರುತ್ತವೆ. ತೂಗಾಟ ಕಾಣೋದು ಸುತ್ತಿನಲ್ಲಿ. ರೋಗ ಅಲ್ಲೇ ಇರ್ಬೇಕು ಅಂತೇನಿಲ್ಲ.

ಹಾಗಾಗಿ ಶನಿವಾರ ಬೆಳಿಗ್ಗೆ ಯಜಮಾನರು ಗಾಡಿ ತಂದು ನಿಲ್ಲಿಸಿದಾಗ ನಾನು ಮಾಡಿದ್ದು ಸುತ್ತನ್ನ ಕತ್ತರಿಸೋ ಕೆಲಸ.

ಅದಕ್ಕೂ ಮೊದಲು ಒಂದು ಸಣ್ಣ ಶಾಸ್ತ್ರ. ಈಗಿನ ಕಾರಿಗೆ ಚುಚ್ಚೋ ಸ್ಕ್ಯಾನರ್ ಈ ಗಾಡಿಗೆ ಚುಚ್ಚಕ್ಕಾಗಲ್ಲ. ಆ ಪದ್ಧತಿ ಅಮೆರಿಕದಲ್ಲಿ ಕಡ್ಡಾಯ ಆಗಿದ್ದು 1996ರ ಮಾಡೆಲ್‌ಗಳಿಂದ. ಇದರಲ್ಲಿ ಬಾನೆಟ್ ಕೆಳಗಿನ ಒಂದು ಸಣ್ಣ ಡಬ್ಬಿಯ ಎರಡು ತೂತುಗಳನ್ನ ತುಂಡು ವೈರಿನಿಂದ ಜೋಡಿಸಿ ಕೀ ತಿರುಗಿಸಿದ್ರೆ, ಚೆಕ್ ಇಂಜಿನ್ ದೀಪ ಮಿಟುಕಿ ಮಿಟುಕಿ ದೂರಿನ ನಂಬರ್ ಹೇಳುತ್ತೆ. ಒಂದೇ ಸಮ ಮಿಟುಕ್ತಿದ್ರೆ ದೂರು ಇಲ್ಲ ಅಂತ. ದೀಪ ಒಂದೇ ಸಮ ಮಿಟುಕಿತು. ಕಂಪ್ಯೂಟರಿನ ಮಟ್ಟಿಗೆ ಎಲ್ಲಾ ಸರಿ ಇತ್ತು!

ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಏರಿಳಿತ ಶುರುವಾಯ್ತು. 1,000ಕ್ಕೆ ಇಳಿಯೋದು, 1,800 ದಾಟೋದು. ಆಕ್ಸಿಲರೇಟರ್ ಮೇಲೆ ಕಾಲಿಲ್ಲ ಅಂತ ಕಂಪ್ಯೂಟರಿಗೆ ಹೇಳೋದು ಥ್ರಾಟಲ್ ಪಕ್ಕದ ಒಂದು ಸ್ವಿಚ್. ಅದರ ಪ್ಲಗ್ ಕಿತ್ತೆ. ಈಗ ಕಂಪ್ಯೂಟರಿಗೆ ಘಾಟಿಯ ಸುದ್ದಿ ಹೋಗಲ್ಲ. ಕುಣಿತ ಥಟ್ ಅಂತ ನಿಂತಿತು. ಇಂಜಿನ್ 1,900ರಲ್ಲಿ ಗಟ್ಟಿಯಾಗಿ ನಿಂತು, ಜೇನುಹುಳದ ಹಾಗೆ ಒಂದೇ ಸಮ ಗುಂಯ್‌ಗುಟ್ಟಿತು.

ಇದರಲ್ಲಿ ಎರಡು ಸಂಗತಿ ಗೊತ್ತಾಯ್ತು. ಒಂದು, ಕುಣಿಸ್ತಿದ್ದಿದ್ದು ಘಾಟಿ ನಿಯಮ. ಕಂಪ್ಯೂಟರ್ ಕೆಟ್ಟಿಲ್ಲ, ಕಲಿಸಿದ್ದನ್ನ ಚಾಚೂ ತಪ್ಪದೆ ಮಾಡ್ತಿದೆ. ಅಸಲಿ ದೂರು, ಸುಮಾರು 750ರಲ್ಲಿ ಇರಬೇಕಾದ ಐಡ್ಲಿಂಗ್ 1,900ರಲ್ಲಿ ಯಾಕಿದೆ ಅನ್ನೋದು. ಎರಡು, ಆ 1,900ರಲ್ಲಿ ಇಂಜಿನ್ ನುಣುಪಾಗಿ ಓಡ್ತಿತ್ತು. ಕಳ್ಳ ಗಾಳಿಯಾಗಿದ್ರೆ ಮುಗ್ಗರಿಸಬೇಕಿತ್ತು. ಹಾಗಾದ್ರೆ ಹೆಚ್ಚಿಗೆ ಬರ್ತಿರೋದು ಲೆಕ್ಕದ ಗಾಳಿ, ಮೀಟರ್ ಬಾಗಿಲು ದಾಟಿಯೇ ಬರ್ತಿರೋದು. ಮೀಟರೂ ಸರಿ ಇದೆ ಅಂತಾಯ್ತು. 1,150 ಡಾಲರಿನ ಚೀಟಿಯಲ್ಲಿದ್ದ ಎರಡು ಸಾಮಾನೂ ನಿರಪರಾಧಿ.

ಆದ್ರೂ ಒಂದು ಸಾಕ್ಷಿ ಮೇಲೆ ತೀರ್ಪು ಕೊಡಬಾರದು. ಇಂಜಿನ್ ಓಡ್ತಿರುವಾಗಲೇ ಆಯಿಲ್ ತುಂಬೋ ಮುಚ್ಚಳ ತೆಗೆದೆ. ಈ ಥರದ ಇಂಜಿನ್ನಿಗೆ ಅದು ಬೇಕಂತಲೇ ಕಳ್ಳ ಗಾಳಿ ಕೊಟ್ಟ ಹಾಗೆ. ಆಗಲೇ ಎಲ್ಲೋ ದೊಡ್ಡ ಸೋರಿಕೆ ಇದ್ರೆ ಮುಚ್ಚಳ ತೆಗೆದಿದ್ದು ಅದಕ್ಕೆ ಅಷ್ಟಾಗಿ ಗೊತ್ತೇ ಆಗಲ್ಲ. ನಮ್ಮದು ಕೂಡಲೇ ತಡವರಿಸಿತು, ಮುಚ್ಚಳ ಹಾಕಿದ ಮೇಲೆ ಸುಧಾರಿಸ್ಕೊಂಡಿತು. ಬ್ರೇಕ್ ಬೂಸ್ಟರಿನ ಪೈಪ್, ಪಿಸಿವಿ ಪೈಪ್, ಇಂಟೇಕ್ ಹತ್ತಿರದ ಸಣ್ಣಪುಟ್ಟ ಪೈಪು ಎಲ್ಲವನ್ನೂ ಒಂದೊಂದಾಗಿ ಇಕ್ಕಳದಲ್ಲಿ ಅದುಮಿ ನೋಡಿದೆ. ವೇಗ ಬದಲಾಗ್ಲಿಲ್ಲ.

ಉಳಿದಿದ್ದು ಒಂದೇ ದಾರಿ. ಥ್ರಾಟಲ್ ಅಡಿಯಲ್ಲಿ ಒಂದು ಚಿಕ್ಕ ಕಳ್ಳಿಂಡಿ ಇದೆ. ಇಂಜಿನ್ ತಣ್ಣಗಿದ್ದಾಗ ತೆರೆದಿದ್ದು ಸ್ವಲ್ಪ ಹೆಚ್ಚು ಗಾಳಿ ಬಿಡುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಇಂಜಿನ್ ಮೊದಲು ಜೋರಾಗಿ ಓಡಿ ಆಮೇಲೆ ತಗ್ಗೋದು ಇದರಿಂದಾನೇ. ಒಳಗೆ ಮೇಣದ ಉಂಡೆ ಇರುತ್ತೆ. ಇಂಜಿನ್ನಿನ ಬಿಸಿ ಕೂಲಂಟ್ ಎರಡು ಸಣ್ಣ ಪೈಪಿನಲ್ಲಿ ಅಲ್ಲಿಗೆ ಹರಿದು ಬಂದು, ಮೇಣ ಕರಗಿ ಹಿಗ್ಗಿ, ಕಿಂಡಿ ಮುಚ್ಚುತ್ತೆ. ವೈರಿಲ್ಲ, ಸೆನ್ಸರಿಲ್ಲ, ಕಂಪ್ಯೂಟರಿಗೆ ಅದರ ಪರಿಚಯವೇ ಇಲ್ಲ.

ಆ ಎರಡು ಸಣ್ಣ ಪೈಪು ಮುಟ್ಟಿದೆ. ಇಂಜಿನ್ ಕೈ ಇಡಕ್ಕಾಗದಷ್ಟು ಕಾದಿದೆ, ಪೈಪು ಮಾತ್ರ ತಣ್ಣಗಿದೆ.

ಆಗ ಯಜಮಾನರನ್ನ ಕೇಳಿದೆ, ಕೈಸನ್ನೆ ಸೇರಿಸಿ: 'ಬೆಳಿಗ್ಗೆ ಒಳಗೆ ಹೀಟರ್ ಬಿಸಿ ಬರುತ್ತಾ?'

'ಇಲ್ಲ. ಕ್ರಿಸ್‌ಮಸ್ ಆದಾಗಿಂದ ತಣ್ಣನೆ ಗಾಳಿ. ಜಾಕೆಟ್ ಹಾಕ್ಕೊಂಡು ಓಡಿಸ್ತೀನಿ.'

'ಗ್ಯಾರೇಜಿನಲ್ಲಿ ಹೇಳಿದ್ರಾ?'

ಅವರು ಹೆಗಲು ಹಾರಿಸಿದ್ರು. 'ಅವರು ಐಡ್ಲಿಂಗ್ ಬಗ್ಗೆ ಮಾತ್ರ ಕೇಳಿದ್ರು.'

ಹೀಟರಿಗೆ ಹೋಗೋದೂ ಅದೇ ಬಿಸಿ ಕೂಲಂಟ್. ಅದೂ ತಣ್ಣಗೆ, ಇದೂ ತಣ್ಣಗೆ ಅಂದ್ರೆ ಕೂಲಂಟ್ ಇಷ್ಟು ಎತ್ತರಕ್ಕೆ ಬರ್ತಾ ಇಲ್ಲ. ಮೇಲಿನ ಪೈಪುಗಳಲ್ಲಿ ಇರೋದು ಬರೀ ಗಾಳಿ. ತಿಪಟೂರಿನ ಡೀಸೆಲ್ ಇಂಜಿನ್ನಿಗೂ ಸ್ಯಾನ್ ಹೋಸೆಯ ಪಿಕಪ್ಪಿಗೂ ಸಾಬರ ತೀರ್ಪು ಒಂದೇ: ಏರ್ ಹಿಡ್ಕೊಂಡದೆ.

ಕಾದ ರೇಡಿಯೇಟರಿನ ಮುಚ್ಚಳ ಯಾವತ್ತೂ ತೆಗೀಬಾರದು, ಕುದಿಯೋ ನೀರು ಮುಖಕ್ಕೆ ಚಿಮ್ಮುತ್ತೆ. ಮಧ್ಯಾಹ್ನದವರೆಗೂ ಆರೋಕೆ ಬಿಟ್ಟು ತೆಗೆದೆವು. ಕೂಲಂಟ್ ಒಂದು ಗೇಣು ಕೆಳಗಿತ್ತು. ಡ್ಯಾಶ್‌ಬೋರ್ಡಿನ ಮುಳ್ಳು ಮಾತ್ರ ಕೆಂಪಿನ ಹತ್ತಿರವೂ ಹೋಗಿರಲಿಲ್ಲ, ಆದ್ದರಿಂದ ಯಾರಿಗೂ ಅನುಮಾನ ಬಂದಿಲ್ಲ.

ಈಗ ನಿಜವಾದ ಭಯ ಶುರುವಾಯ್ತು. ಆ ಕೂಲಂಟ್ ಹೋಗಿದ್ದೆಲ್ಲಿಗೆ? ಹೆಡ್ ಗ್ಯಾಸ್ಕೆಟ್ ಹೋಗಿ ಇಂಜಿನ್ ಒಳಗೇ ಉರಿದು ಹೋಗ್ತಿದ್ರೆ, ಇಂಜಿನ್ ಬಿಚ್ಚೋ ಕೂಲಿ ಕೇಳಿದ ಮೇಲೆ 1,150 ಅಗ್ಗ ಅನ್ಸುತ್ತೆ. ಯಜಮಾನರಿಗೂ ಅದು ಗೊತ್ತಿತ್ತು. ಮಾತಾಡದೆ ಗಾಡಿಯ ಹಿಂದೆ ಕೂತು ಕುಂಟೆಯ ಹಲ್ಲಿನ ಮಣ್ಣು ಕೆರೀತಿದ್ರು. ಇದಕ್ಕೆ ಬಿಡಿಭಾಗದ ಅಂಗಡಿಯಲ್ಲಿ ಒಂದು ಪರೀಕ್ಷೆ ಸಾಧನ ಎರವಲು ಸಿಗುತ್ತೆ. ಗಾಜಿನ ನಳಿಕೆಯಲ್ಲಿ ನೀಲಿ ದ್ರಾವಣ ಹಾಕಿ ರೇಡಿಯೇಟರ್ ಬಾಯಿಗಿಟ್ಟು, ಇಂಜಿನ್ ಓಡಿಸಿ, ಅಲ್ಲಿನ ಗಾಳಿಯನ್ನ ಅದರೊಳಗೆ ಎಳೀಬೇಕು. ಹೊಗೆ ಕೂಲಂಟಿಗೆ ಸೇರ್ತಿದ್ರೆ ನೀಲಿ ಹಳದಿಯಾಗುತ್ತೆ. ಇಬ್ಬರೂ ಬಗ್ಗಿ ನೋಡ್ತಾ ನಿಂತ್ವಿ. ಎರಡು ನಿಮಿಷ. ನೀಲಿ ನೀಲಿಯಾಗೇ ಉಳೀತು. ಯಜಮಾನರು ಎದೆ ಮೇಲೆ ಶಿಲುಬೆ ಗುರುತು ಮಾಡ್ಕೊಂಡ್ರು.

ಟಾರ್ಚ್ ಹಿಡಿದು ಹುಡುಕಿದಾಗ ಕಳ್ಳ ಸಿಕ್ಕ. ಇಂಜಿನ್ ಹಿಂಭಾಗದಲ್ಲಿ, ಹೀಟರಿಗೆ ಹೋಗೋ ರಬ್ಬರ್ ಪೈಪಿನ ಕ್ಲಾಂಪ್ ತುಕ್ಕು ಹಿಡಿದು ಹಿಡಿತ ಕಳ್ಕೊಂಡಿತ್ತು. ಅದರ ಸುತ್ತ ಸೋರಿ ಒಣಗಿದ ಗುಲಾಬಿ ಬಣ್ಣದ ಹಿಟ್ಟು. ದಿನಕ್ಕೆ ಕೆಲವೇ ಹನಿ, ಅದೂ ಬಿಸಿ ಇಂಜಿನ್ ಮೇಲೆ ಬಿದ್ದು ಆವಿಯಾಗಿ ಹೋಗ್ತಿದ್ದಿದ್ರಿಂದ ನೆಲದ ಮೇಲೆ ಗುರುತೇ ಇಲ್ಲ. ಮೂವತ್ತು ವರ್ಷ ದಾಟಿದ ಕ್ಲಾಂಪ್, ಅದನ್ನ ಬೈಯೋಕೂ ಮನಸ್ಸಾಗಲ್ಲ. ಪೈಪಿನ ತುದಿ ಕತ್ತರಿಸಿ, ಹೊಸ ಕ್ಲಾಂಪ್ ಬಿಗಿದು, ಗಾಡಿಯ ಮೂತಿ ಮೇಲಿರೋ ಹಾಗೆ ನಮ್ಮ ಡ್ರೈವ್‌ವೇ ಏರಿನಲ್ಲಿ ನಿಲ್ಲಿಸಿ, ಹೀಟರ್ ಪೂರ್ತಿ ಆನ್ ಮಾಡಿ, ಮುಚ್ಚಳ ತೆಗೆದಿಟ್ಟು ಕೂಲಂಟ್ ತುಂಬಿಸ್ತಾ ಇಂಜಿನ್ ಓಡಿಸಿದೆವು. ಗುಳುಗುಳು ಗುಳ್ಳೆ ಬಂತು. ಗುಳ್ಳೆ ಬಂದಷ್ಟೂ ಮಟ್ಟ ಇಳೀತು, ಇಳಿದಷ್ಟೂ ಸುರಿದೆವು. ಹತ್ತು ನಿಮಿಷಕ್ಕೆ ಯಜಮಾನರು ಕಿಟಕಿಯಿಂದ ಕೂಗಿದ್ರು, 'ಬಿಸಿ! ಬಿಸಿ!' ಹೀಟರ್ ಬಂದಿತ್ತು. ನಾನು ಥ್ರಾಟಲಿನ ಸಣ್ಣ ಪೈಪು ಮುಟ್ಟಿದೆ, ಅದೂ ಕಾಯ್ತಿತ್ತು. ಸ್ವಿಚ್ಚಿನ ಪ್ಲಗ್ ಮತ್ತೆ ಸಿಕ್ಕಿಸಿದೆ. ವೇಗ 1,900ರಿಂದ ನಿಧಾನವಾಗಿ ಜಾರಿತು. 1,500, 1,200, 900. ಕೊನೆಗೆ 750ರ ಹತ್ತಿರ ಬಂದು ಕೂತಿತು. ಒಳಗಿನ ಮೇಣ ಹಿಗ್ಗಿ ಕಿಂಡಿ ಮುಚ್ಚೋದು ಕಿವಿಗೇ ಕೇಳ್ತಿತ್ತು ಅನ್ನಿ.

ಸಾಫ್ಟ್‌ವೇರಿನಲ್ಲಿ ಇರೋ ನಿಮಗೆ ಇದೆಲ್ಲಾ ಎಲ್ಲೋ ನೋಡಿದ ಹಾಗಿದೆ ಅನ್ನಿಸಿದ್ರೆ ಆಶ್ಚರ್ಯ ಇಲ್ಲ. ಲೋಡ್ ಏರಿತು ಅಂತ ಹತ್ತು ಸರ್ವರ್ ಸೇರಿಸೋ, ಇಳಿಯಿತು ಅಂತ ಹತ್ತನ್ನೂ ಕಿತ್ತು ಹಾಕೋ ಆಟೋಸ್ಕೇಲರ್‌ಗಳು ರಾತ್ರಿ ಎರಡಕ್ಕೆ ಹೀಗೇ ಕುಣೀತವೆ. ಮೀಟಿಂಗಿನಲ್ಲಿ ಮೊದಲು ಬೈಗುಳ ತಿನ್ನೋದು ಆಟೋಸ್ಕೇಲರ್. ಗ್ರಾಫಿನಲ್ಲಿ ಕುಣಿಯೋದು ಅದೇ ತಾನೇ! ಎಲ್ಲೋ ಒಂದು ಕಡೆ, ಯಾವ ಡ್ಯಾಶ್‌ಬೋರ್ಡಿಗೂ ವೈರ್ ಇಲ್ಲದ ಜಾಗದಲ್ಲಿ, ಒಂದು ಕ್ಲಾಂಪ್ ಸಡಿಲ ಆಗಿರುತ್ತೆ. ಅದು ಗೊತ್ತಿರೋದು ತಣ್ಣನೆ ಗಾಡಿಯಲ್ಲಿ ಜಾಕೆಟ್ ಹಾಕ್ಕೊಂಡು ಓಡಾಡೋರಿಗೆ. ಅವರನ್ನ ಯಾರೂ ಕೇಳಿರಲ್ಲ. ನಮ್ಮ ಕೆಲಸದಲ್ಲಿ ಇಂಥ ತಪ್ಪು ತೀರ್ಪಿಗೆ ಬೀಳೋ ದಂಡ ಕಂಪನಿಯ ಖಾತೆಗೆ ಹೋಗುತ್ತೆ. ಹುಲ್ಲು ಕತ್ತರಿಸೋರ ಗಾಡಿಯಲ್ಲಿ ಅದೇ ದಂಡ ಒಬ್ಬರ ಒಂದು ತಿಂಗಳ ಬಾಡಿಗೆ ತಿನ್ನುತ್ತೆ.

ಖರ್ಚಿನ ಲೆಕ್ಕ: ಕ್ಲಾಂಪ್ ಎರಡು, ಕೂಲಂಟ್ ಒಂದು ಗ್ಯಾಲನ್, ಒಟ್ಟು ಮೂವತ್ತು ಡಾಲರಿಗಿಂತ ಕಮ್ಮಿ. ಪರೀಕ್ಷೆ ಸಾಧನದ ಠೇವಣಿ ವಾಪಸ್ ಬಂತು. ಮುಂದಿನ ಬುಧವಾರ ಗಾಡಿ ಹೊಗೆ ಪರೀಕ್ಷೆ ಪಾಸಾಯ್ತು, ಗಡುವಿಗೆ ಐದು ದಿನ ಇರುವಾಗಲೇ. ಗುರುವಾರ ಹುಲ್ಲು ಕತ್ತರಿಸೋಕೆ ಬಂದಾಗ ಯಜಮಾನರ ಜೊತೆ ಒಬ್ಬ ಹುಡುಗ ಇದ್ದ, ಅವರ ತಂಗಿ ಮಗನಂತೆ, ಕೆಲಸ ಕಲಿಯೋಕೆ ಬಂದವನು. ಇಂಜಿನ್ ಆರಿದ ಮೇಲೆ ಯಜಮಾನರು ಅವನನ್ನ ಬಾನೆಟ್ ಹತ್ತಿರ ಕರೆದು, ರೇಡಿಯೇಟರ್ ಮುಚ್ಚಳದ ಮೇಲೆ ಅವನ ಅಂಗೈ ಇಡಿಸಿ, ತಣ್ಣಗಿದೆ ಅಂತ ಅವನ ಬಾಯಲ್ಲೇ ಹೇಳಿಸಿ, ಆಮೇಲೇ ತಿರುಗಿಸೋಕೆ ಬಿಟ್ರು.